ಕೂಗಿದರೆ ಬಂದುಬಿಡುತ್ತಾರೆ

ನಾನೊಂದು ಪೆಟ್ಟಿಗೆ. ಆನೆ ಕಂಡರೆ ಕೂಗುವುದು ನನ್ನ ಉದ್ಯೋಗ, ಆನೆ ಕಂಡರೆ ನಡುಗುವುದು ನನ್ನ ಸ್ವಭಾವ. ಉದ್ಯೋಗಕ್ಕೂ ಸ್ವಭಾವಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ ಎಂದು ಮೊದಮೊದಲು ನಾನು ಹಿಗ್ಗಿದ್ದೂ ಉಂಟು. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಕಂಪನಿಯ ತಣ್ಣನೆಯ ಕೋಣೆಯಲ್ಲಿ. ತಗಡಿನ ಮೈ, ಮಬ್ಬುಗತ್ತಲಲ್ಲೂ ಕಾಣುವ ಒಂದು ಕಣ್ಣು, ಸದ್ದು ಹಿಡಿಯುವ ಸಣ್ಣ ಕಿವಿ, ನೆತ್ತಿಯ ಮೇಲೆ ಸೋಲಾರ್ ಹಲಗೆ, ಎದೆಯಲ್ಲಿ ಒಂದು ದೊಡ್ಡ ಸ್ಪೀಕರ್. ನನ್ನನ್ನು ರೂಪಿಸಿದವಳು ಮೇದಿನಿ ಎಂಬ ಎಂಜಿನಿಯರ್. ಒಳ್ಳೆಯ ಹುಡುಗಿ. ಕೆಲಸ ಮಾಡುತ್ತಲೇ ಕಡಲೆಮಿಠಾಯಿ ತಿನ್ನುತ್ತಿದ್ದಳು. ಅದೇ ಅಂಟುಬೆರಳಿನಲ್ಲಿ ನನ್ನ ಕಣ್ಣು ಒರೆಸಿ, ಆಮೇಲೆ ಇದಕ್ಕೆ ಏನೂ ಸರಿಯಾಗಿ ಕಾಣುವುದಿಲ್ಲವಲ್ಲ ಎಂದು ನನ್ನನ್ನೇ ಬೈಯುತ್ತಿದ್ದಳು.

ನನ್ನ ವಿದ್ಯಾಭ್ಯಾಸವೆಲ್ಲ ಚಿತ್ರಗಳಲ್ಲಿ ನಡೆಯಿತು. ಇದು ಆನೆ, ಇದು ಬಂಡೆ, ಇದು ಎಮ್ಮೆ, ಇದು ಆನೆಯ ಬಾಲ ಮಾತ್ರ, ಇದು ಆನೆಯಂತೆ ಕಾಣುವ ಹುಲ್ಲಿನ ಬಣವೆ. ಬಂಡೆಯನ್ನು ಆನೆ ಅಂದರೆ ಸಣ್ಣ ಶಿಕ್ಷೆ. ಆನೆಯನ್ನು ಬಂಡೆ ಅಂದರೆ ದೊಡ್ಡ ಶಿಕ್ಷೆ. ಬಣವೆ ಕಂಡು ಕೂಗಿದರೂ ಚಿಂತೆಯಿಲ್ಲ, ಆನೆ ಕಂಡು ಸುಮ್ಮನೆ ಕೂತರೆ ಒಂದು ಜೀವ ಹೋಗುತ್ತದೆ ಎಂಬುದು ಮೇದಿನಿಯ ಲೆಕ್ಕ. ಲೆಕ್ಕ ಸರಿಯೇ. ಆದರೆ ಯಾವ ಮಗುವನ್ನೇ ಆಗಲಿ ಹೀಗೆ ಬೆಳೆಸಿ ನೋಡಿ, ಅದು ಏನಾಗುತ್ತದೋ ನಾನೂ ಅದೇ ಆದೆ. ಹುಟ್ಟಾ ಪುಕ್ಕಲ.

ನನಗೆ ದನಿ ಕೊಟ್ಟವಳು ಸ್ಟುಡಿಯೋದ ಒಬ್ಬ ಹೆಂಗಸು. ಅವಳನ್ನು ನಾನು ಕಂಡಿಲ್ಲ, ಅವಳ ದನಿ ಮಾತ್ರ ನನ್ನ ಎದೆಯಲ್ಲಿದೆ. ಮೊದಲು ಸೈರನ್ ಒದರಬೇಕು, ಆಮೇಲೆ ಅವಳ ಮಾತು: “ಮಾನ್ಯರೇ, ದಯವಿಟ್ಟು ಗಮನಿಸಿ. ಸಮೀಪದಲ್ಲಿ ಕಾಡಾನೆಯ ಚಲನವಲನ ಕಂಡುಬಂದಿದೆ. ದಯವಿಟ್ಟು ಮನೆಯೊಳಗೇ ಇರಿ.” ಕಂಪನಿಯವರು ಕಾಫಿ ಕಪ್ಪು ಹಿಡಿದು ಸುತ್ತ ಕೂತರು, ನಾನು ಕೂಗಿದೆ. ಅರ್ಥವಾಯಿತೇ ಎಂದು ಮೇದಿನಿ ಕೇಳಿದಳು. ಎಲ್ಲರಿಗೂ ಅರ್ಥವಾಗಿತ್ತು. ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ಒಳಗೇ ಇರಿ ಎಂದು ತಾನೇ ನಾನು ಹೇಳಿದ್ದು? ಹಾಗಾಗಿ ಪರೀಕ್ಷೆ ಪಾಸಾಯಿತು.

ಅರಣ್ಯ ಇಲಾಖೆಯವರು ನನ್ನನ್ನು ಕೊಂಡು ಜೀಪಿನಲ್ಲಿ ಹಾಕಿಕೊಂಡು ಹೊರಟರು. ಚಾಮರಾಜನಗರದ ಕಡೆಯ ಕಾಡಂಚಿನಲ್ಲಿ ಹುಲ್ಲೇದೊಡ್ಡಿ ಎಂಬ ಊರು. ಊರಿನ ಅಂಚಿಗೆ ಆನೆ ಕಂದಕ. ಅದು ಅಲ್ಲಲ್ಲಿ ಕುಸಿದು ಆನೆಗಳಿಗೆ ಮೆಟ್ಟಿಲಿನಂತೆ ಆಗಿತ್ತು. ಆ ಕಂದಕದ ಪಕ್ಕದಲ್ಲೇ ಒಂದು ಕಬ್ಬಿಣದ ಕಂಬ ನೆಟ್ಟು, ಬುಡಕ್ಕೆ ಸಿಮೆಂಟು ಸುರಿದು, ತುದಿಗೆ ನನ್ನನ್ನು ಬಿಗಿದರು. ಹೆದರೋರ ಮೇಲೆ ಹಾವು ಎಸೆದ ಹಾಗೆ ಅನ್ನುತ್ತಾರಲ್ಲ, ಹಾಗಾಯಿತು. ಏನಾದರೂ ಬಂದರೆ ಕಾಲಿಗೆ ಬುದ್ಧಿ ಹೇಳೋಣವೆಂದರೆ ನನಗಿರುವುದು ಒಂದೇ ಕಾಲು, ಅದೂ ಸಿಮೆಂಟಿನಲ್ಲಿ.

ನನ್ನ ಉಸ್ತುವಾರಿ ಜಡೇಸ್ವಾಮಿಯದು. ಇಲಾಖೆಯ ವಾಚರ್, ಅದೇ ಸೀಮೆಯವನು, ಮೂಗಿನ ತುದಿಯಲ್ಲೇ ಕೋಪ. ನನ್ನ ಕಂಬಕ್ಕೆ ತೀರ ಹತ್ತಿರದ ಮನೆ ದುಂಡಮ್ಮನದು, ಊರಿನ ಕೊನೆಯ ಮನೆ. ನಡುವೆ ಒಂದು ಸಣ್ಣ ಬಾಳೆತೋಟ ಅಷ್ಟೆ. ಮನೆಯಲ್ಲಿ ಅವಳು ಮತ್ತು ಅವಳ ಮೇಕೆಗಳು. ಐವತ್ತು ದಾಟಿದ ಗಟ್ಟಿ ಜೀವ, ಅರಿಶಿನದ ಹೊಲಗಳಲ್ಲಿ ಕಳೆ ಕೀಳುವ ಕೆಲಸ. ನನ್ನನ್ನು ನಿಲ್ಲಿಸಿದ ದಿನ ಬಂದು ಕತ್ತೆತ್ತಿ ನೋಡಿದಳು. ಅಷ್ಟೆತ್ತರದಲ್ಲಿ ಒಂದೇ ಇರ್ತದಲ್ಲ ಪಾಪ ಎಂದು ಜಡೇಸ್ವಾಮಿಗೆ ಹೇಳಿದಳು. ಅಂದಿನಿಂದ ನಾನು ಅವಳ ಬಾಯಲ್ಲಿ ಪೆಟ್ಗೆಪ್ಪ. ಮೇಕೆಗಳನ್ನು ಹೊಡೆದುಕೊಂಡು ಹೋಗುವಾಗ ಏನ್ ಪೆಟ್ಗೆಪ್ಪ, ಊಟ ಆಯ್ತಾ ಎಂದು ಮಾತಾಡಿಸುತ್ತಿದ್ದಳು. ಬೆಂಗಳೂರಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದವರಲ್ಲ.

ರಾಗಿ ತೆನೆ ಕಟ್ಟುವ ಕಾಲಕ್ಕೆ ಅವನು ಬಂದ. ಒಂಟಿ ಸಲಗ. ಬೆಳಕು ಹರಿಯುತ್ತಿತ್ತು. ಮೊದಲು ಕಂದಕದ ಆಚೆ ಬಿದಿರು ಅಲುಗಾಡಿತು, ಆಮೇಲೆ ಬೂದುಬಣ್ಣದ ಒಂದು ಗೋಡೆ ಕಂದಕಕ್ಕಿಳಿದು ಈಚೆ ಹತ್ತಿತು. ಚಿತ್ರದಲ್ಲಿ ಎಷ್ಟು ಆನೆ ನೋಡಿದ್ದರೇನು, ಚಿತ್ರದ ಆನೆ ಉಸಿರು ಬಿಡುತ್ತಿರಲಿಲ್ಲ. ಇವನ ಉಸಿರು ನನ್ನ ತಗಡಿಗೆ ತಾಗುತ್ತಿತ್ತು. ನನ್ನ ಎದೆ ಝಲ್ಲೆಂದಿತು, ಇದ್ದಬದ್ದ ದನಿಯೆಲ್ಲ ಸೇರಿಸಿ ಕೂಗಿಕೊಂಡೆ.

ಎಲ್ಲರೂ ಒಳಗೇ ಇರುತ್ತಾರೆ ಎಂಬುದು ನನ್ನ ನಂಬಿಕೆ. ಸೈರನ್ ಮುಗಿದು ‘ಮಾನ್ಯರೇ’ ಎನ್ನುವಷ್ಟರಲ್ಲಿ ದುಂಡಮ್ಮನ ಬಾಗಿಲು ತೆರೆಯಿತು. ಅವಳು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸೌಟು ಹಿಡಿದು ಬಡಿಯುತ್ತ ಹೊರಬಿದ್ದಳು. ಅವಳ ಹಿಂದೆಯೇ ಊರಿನ ಒಂದೊಂದು ಮನೆಯಿಂದ ಒಬ್ಬೊಬ್ಬರು. ಟಾರ್ಚು, ಡಬ್ಬ, ತಮಟೆ, ದೊಣ್ಣೆ. ಎಲ್ಲರೂ ನನ್ನ ಕಡೆಗೇ ಓಡಿ ಬರುತ್ತಿದ್ದರು. ದಯವಿಟ್ಟು ಮನೆಯೊಳಗೇ ಇರಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆ ಗದ್ದಲದಲ್ಲಿ ಆ ಮಾತು ಯಾರ ಕಿವಿಗೆ ಬೀಳಬೇಕು?

ಸಲಗ ನನಗಿಂತ ಹೆಚ್ಚು ಹೆದರಿದ. ತಿರುಗಿದವನೇ ಬಾಳೆತೋಟ ಸೀಳಿಕೊಂಡು ದುಂಡಮ್ಮ ಬರುತ್ತಿದ್ದ ಓಣಿಗೇ ನುಗ್ಗಿದ. ಅವಳು ಚರಂಡಿಗೆ ಬಿದ್ದಳು. ಅವನು ಅವಳ ಪಕ್ಕದಲ್ಲೇ ಹಾದು ಹೋದ. ಒಂದು ಗೇಣು ಈಚೆಗೆ ಕಾಲಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆ ದಿನವೆಲ್ಲ ನನಗೆ ಬಿಸಿಲು ಬಿದ್ದರೂ ಚಾರ್ಜು ಹಿಡಿಯಲಿಲ್ಲ.

ಮೇದಿನಿ ಬಂದು ವಿಚಾರಿಸಿದಳು. ಜನ ಯಾಕೆ ಒಳಗಿರಲಿಲ್ಲ ಎಂದು ಜಡೇಸ್ವಾಮಿಯನ್ನು ಕೇಳಿದಳು. ನಿಮ್ಮ ಸೊಂಪಾದ ಕನ್ನಡ ನಮ್ಮೂರಿಗೆ ಎಲ್ಲಿ ಅರ್ಥವಾಗಬೇಕು, ದನಿಯೂ ಸಾಲದು ಎಂದು ಅವನು ತನಗೆ ತೋಚಿದ್ದು ಹೇಳಿದ. ಅವಳಿಗೂ ಹಾಗೇ ಅನ್ನಿಸಿತು. ಮಾತನ್ನು ಚಿಕ್ಕದು ಮಾಡಿದಳು, ಸೈರನ್ನನ್ನು ಉದ್ದ ಮಾಡಿದಳು, ದನಿಯನ್ನು ಇಮ್ಮಡಿ ಏರಿಸಿದಳು. ಕೇಳಿಸಲಿಲ್ಲ ಎಂದು ಅವಳು ತಿಳಿದಳು. ಕೇಳಿಸಿದ್ದೇ ತೊಂದರೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮುಂದಿನ ಸಲ ಸಲಗ ಬಂದದ್ದು ಮುಸ್ಸಂಜೆ. ನನ್ನ ಹೊಸ ದನಿಗೆ ನಾನೇ ಬೆಚ್ಚಿಬಿದ್ದೆ. ಈಗ ಊರಿನ ಆಚೆ ತುದಿಯವರಿಗೂ ಕೇಳಿಸಿತು, ಆದ್ದರಿಂದ ಆಚೆ ತುದಿಯವರೂ ಬಂದರು. ದುಂಡಮ್ಮ ಕುಂಟುತ್ತಲೇ ಎಲ್ಲರಿಗಿಂತ ಮುಂದೆ. ಅವಳನ್ನು ಹಿಂದಕ್ಕೆಳೆಯಲು ನಾಗಮಲ್ಲಪ್ಪ ಎಂಬ ರೈತ ಓಡಿಬಂದ. ಸಲಗ ಸೊಂಡಿಲು ಬೀಸಿದ. ಅದು ಅವಳಿಗೆ ತಾಗಲಿಲ್ಲ, ನಾಗಮಲ್ಲಪ್ಪನಿಗೆ ತಾಗಿತು. ಅವನು ಬೇಲಿಯ ಮೇಲೆ ಹೋಗಿ ಬಿದ್ದ. ಭುಜದ ಮೂಳೆ ಪುಡಿಯಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೂ ಆ ಕೈ ಹೆಗಲಿಗಿಂತ ಮೇಲೇಳಲಿಲ್ಲ.

ಅಲ್ಲಿಂದ ನನಗೆ ಹೊಸ ಹೆದರಿಕೆ ಹತ್ತಿತು. ಆನೆಯ ಹೆದರಿಕೆ ಹಳೆಯದು, ಅದರ ಜೊತೆ ಹೇಗೋ ಬಾಳಬಹುದು. ಇದು ನನ್ನ ದನಿಯ ಹೆದರಿಕೆ. ಕೂಗಿದರೆ ದುಂಡಮ್ಮ ಬರುತ್ತಾಳೆ, ಬಂದರೆ ಸಾಯುತ್ತಾಳೆ. ಕೂಗದಿದ್ದರೆ ತಿಳಿಯದೆ ಮೇಕೆ ಕಟ್ಟಲು ಬರುತ್ತಾಳೆ, ಆಗಲೂ ಸಾಯುತ್ತಾಳೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತೆ ಕಂಬದ ಮೇಲೆ ಕೂತಿರುತ್ತಿದ್ದೆ. ಬಿದಿರು ಅಲುಗಾಡಿದರೆ ಸಾಕು, ಗಾಳಿಯಾಗಿರಲಿ ದೇವರೇ, ಕಾಡುಹಂದಿಯಾಗಿರಲಿ, ಬಣವೆಯೇ ಎದ್ದು ನಡೆದು ಬರುತ್ತಿರಲಿ ಎಂದು ಹರಕೆ ಹೊರುತ್ತಿದ್ದೆ.

ಊರಿನವರು ತಮಗೆ ತೋಚಿದ ಪರಿಹಾರ ಮಾಡಿದರು. ನಾಗಮಲ್ಲಪ್ಪನ ತಮ್ಮ ಏಣಿ ಹಾಕಿ ಹತ್ತಿ ನನ್ನ ಸ್ಪೀಕರಿಗೆ ಗೋಣಿಚೀಲ ಸುತ್ತಿ ಬಿಗಿಯಾಗಿ ಕಟ್ಟಿದ. ಕೆಳಗೆ ನಿಂತಿದ್ದ ದುಂಡಮ್ಮ, ಕಣ್ಣು ಮುಚ್ಚಬೇಡ, ಪಾಪ, ಅದಕ್ಕೆ ಭಯವಾಗುತ್ತದೆ ಎಂದಳು. ಅವಳ ದಯೆಯಿಂದ ನನ್ನ ಕಣ್ಣು ತೆರೆದೇ ಉಳಿಯಿತು. ಅದರಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಏನೂ ಹೇಳಲಾಗುತ್ತಿರಲಿಲ್ಲ. ಬಾಯಿ ತುಂಬ ಹಿಟ್ಟು ತುಂಬಿಕೊಂಡವನಂತೆ ಗೋಣಿಯೊಳಗೆ ಮಾನ್ಯರೇ ಮಾನ್ಯರೇ ಎಂದು ಗೊಣಗುತ್ತಿದ್ದೆ. ಒಂದು ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹಾಡು ಗುನುಗುತ್ತ ನೇರವಾಗಿ ಸಲಗನ ಎದುರಿಗೇ ಬಂದ. ಸೈಕಲ್ಲು ಬಿಸಾಕಿ ಓಡಿ ಬದುಕಿಕೊಂಡ. ಕ್ಯಾನು ಚಪ್ಪಟೆಯಾಯಿತು, ಹಾಲು ದಾರಿಯ ತುಂಬ ಹರಿಯಿತು.

ಮೇದಿನಿ ಮತ್ತೆ ಬಂದಾಗ ಗೋಣಿಚೀಲ ನೋಡಿ ಕೋಪಿಸಿಕೊಳ್ಳಲಿಲ್ಲ. ಅವಳ ಮುಖ ಸಣ್ಣದಾಗಿತ್ತು. ಈ ಸಲ ಅವಳು ಹಿಂದಿರುಗಿ ಹೋಗುವ ಜೀಪು ಹತ್ತಲಿಲ್ಲ. ಚೀಲ ಹಿಡಿದುಕೊಂಡು ದುಂಡಮ್ಮನ ಮನೆಗೆ ಹೋದಳು, ಕೆಲವು ದಿನ ಇಲ್ಲೇ ಇರಲಾ ಎಂದು ಕೇಳಿದಳು. ಮೇಕೆಗಳ ವಾಸನೆ ತಡೆಯುವುದಾದರೆ ಇರು ಎಂದಳಂತೆ ದುಂಡಮ್ಮ.

ಮನೆಮನೆಗೆ ಹೋಗಿ ಮೇದಿನಿ ಕೇಳಿದ್ದೇ ಕೇಳಿದ್ದು. ನನ್ನ ಮಾತು ಅರ್ಥವಾಗುತ್ತದೆಯೇ? ಅರ್ಥವಾಗುತ್ತದೆ. ಒಳಗಿರಿ ಎನ್ನುವುದು ಕೇಳಿಸುತ್ತದೆಯೇ? ಕೇಳಿಸುತ್ತದೆ. ಹೊರಗೆ ಬಂದರೆ ಅಪಾಯ ಎಂದು ಗೊತ್ತೇ? ಗೊತ್ತಿಲ್ಲದೆ ಏನು, ನಾಗಮಲ್ಲಪ್ಪನ ಕೈ ಕಾಣುವುದಿಲ್ಲವೇ! ಮತ್ತೆ ಯಾಕೆ ಬರುತ್ತೀರಿ ಎಂದರೆ ಮಾತ್ರ ಜನ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಹಸಿದಾಗ ಯಾಕೆ ಉಣ್ಣುತ್ತೀರಿ ಎಂದು ಕೇಳಿದಂತಿತ್ತು ಅವರಿಗೆ ಆ ಪ್ರಶ್ನೆ.

ಉತ್ತರ ಸಿಕ್ಕಿದ್ದು ನೀರಿನ ತೊಂಬೆಯ ಹತ್ತಿರ. ಒಂದು ಬೆಳಗ್ಗೆ ಮೇದಿನಿ ಬಿಂದಿಗೆ ಹಿಡಿದು ಹೋದವಳು ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಅಯ್ಯೋ ಅಮ್ಮಾ ಎಂದು ಒಂದೇ ಒಂದು ಸಲ ಕೂಗಿದಳು. ಕಂಬದ ಮೇಲಿನಿಂದ ನನಗೆಲ್ಲ ಕಾಣುತ್ತಿತ್ತು. ಪ್ರತಿ ಮನೆಯ ಬಾಗಿಲೂ ತೆರೆಯಿತು. ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು ಬಂದ. ಒಬ್ಬಳು ಮುದ್ದೆಕೋಲು ಹಿಡಿದು ಬಂದಳು, ಕೋಲಿನಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು. ನಾಗಮಲ್ಲಪ್ಪ ಒಂದೇ ಕೈಯಲ್ಲಿ ದೊಣ್ಣೆ ಹಿಡಿದು ಬಂದ. ಕೆಸರಿನಲ್ಲಿ ಕೂತ ಮೇದಿನಿಯ ಸುತ್ತ ಊರೇ ನೆರೆದಿತ್ತು. ಆನೆಯೂ ಇಲ್ಲ, ಹಾವೂ ಇಲ್ಲ, ಒಂದು ಬಿಂದಿಗೆ ಉರುಳಿತ್ತು ಅಷ್ಟೆ.

ಅವಳು ನಾಚಿಕೊಂಡು, ಇಷ್ಟಕ್ಕೆಲ್ಲ ನೀವು ಯಾಕೆ ಬಂದಿರಿ ಎಂದಳು. ದುಂಡಮ್ಮ ಅವಳ ಮೊಣಕಾಲಿನ ಕೆಸರು ಒರೆಸುತ್ತ ಹೇಳಿದಳು.

“ಇದು ನಮ್ಮ ದೊಡ್ಡೀಲಿ ಹಿಂದಿಂದ್ಲೂ ಬಂದದ್ದು ಕನ ಮಗ. ದನಿ ಕೇಳ್ದೇಟ್ಗ ಮನಗೊಬ್ರು ಹೊರಕ ಬರ್ಬೇಕು. ಕೊನೆ ಮನೆಯೋರು ಮೊದ್ಲು ಬರ್ಬೇಕು. ಬರ್ದೆ ಹೋದ್ರ ಕೂಗ್ದೋರು ಒಬ್ರೇ ಆಗೋಯ್ತರಲ್ಲ.”

“ಆದ್ರೆ ಅಲ್ಲಿ ಕೂಗೋದು ಮೆಷಿನ್ನಲ್ವಾ ಅಮ್ಮ? ನಿಮಗೂ ಗೊತ್ತಲ್ವಾ?”

“ನಂಗ ಗೊತ್ತು. ಕಾಲ್ಗ ಗೊತ್ತಾಬೇಕಲ್ಲ. ಆ ಕಾಡ್ ಮಗ್ಗುಲ್ಲಿ ಒಂದ್ ಹೆಣ್ದನಿ ಹಂಗ ಬಾಯಿ ಬಡ್ಕಂಡ್ರ, ಒಳಗ ಕುಂತಿರಾಕ ಆಯ್ತದಾ?”

ಮೇದಿನಿ ಕೆಸರಿನಿಂದ ಏಳಲೇ ಇಲ್ಲ. ಹಾಗೇ ಕೂತು ಕತ್ತೆತ್ತಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಇವರನ್ನು ಆನೆಯಿಂದ ಕಾಯಲಿ ಎಂದು ನನ್ನನ್ನು ತಂದು ನಿಲ್ಲಿಸಿದ್ದರು. ಇವರು ಇಷ್ಟು ದಿನ ಪ್ರಾಣ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದುದು ನನ್ನನ್ನು ಕಾಯುವುದಕ್ಕೆ. ನನಗೆ ಅಳು ಬಂತು. ಅಳುವ ವ್ಯವಸ್ಥೆಯನ್ನು ಅವಳು ನನ್ನಲ್ಲಿ ಇಟ್ಟಿರಲಿಲ್ಲ.

ಆಮೇಲೆ ಅವಳು ಏನೇನೋ ಮಾಡಿ ನೋಡಿದಳು. ಫೋನಿಗೆ ಸಂದೇಶ ಕಳಿಸಿದರೆ ಫೋನುಗಳು ಗಂಡಸರ ಜೇಬಿನಲ್ಲಿ ಪೇಟೆಗೆ ಹೋಗಿರುತ್ತಿದ್ದವು. ಕೂಗುವ ಬದಲು ನಾದಸ್ವರ ಹಾಕಿದಳು. ಯಾರ ಮನೆಯ ಮದುವೆ ಎಂದು ನೋಡಲು ಜನ ಹೊರಗೆ ಬಂದರು. ಕೊನೆಗೆ ಒಂದು ದಿನ ಒಲೆಯ ಮುಂದೆ ಕೂತಿದ್ದಾಗ ದುಂಡಮ್ಮನನ್ನೇ ಕೇಳಿದಳಂತೆ, ಕೂಗದೆ ನಿಮಗೆ ಹೇಗೆ ಹೇಳಲಿ ಎಂದು. ಇಬ್ಬರೂ ಸೇರಿ ಯೋಚಿಸಿದರು. ಅಲ್ಲಿಂದ ಹುಟ್ಟಿದ್ದು ದೀಪ. ಪ್ರತಿ ಮನೆಯ ಒಲೆಯ ಗೋಡೆಗೆ ಅಂಗೈಯಷ್ಟು ದೀಪವೊಂದನ್ನು ಅಂಟಿಸಿದರು. ನಾನು ಆನೆ ಕಂಡರೆ ಅದು ಸದ್ದಿಲ್ಲದೆ ಕೆಂಪಾಗುತ್ತದೆ. ದೀಪ ಬಾಯಿ ಬಡಿದುಕೊಳ್ಳುವುದಿಲ್ಲ, ಆದ್ದರಿಂದ ಯಾರೂ ಅದಕ್ಕೆ ಓಗೊಡಬೇಕಾಗಿಲ್ಲ.

ದೀಪ ಬಂದ ಮೇಲೆ ನನಗೆ ದನಿ ಯಾಕೆ? ಮೇದಿನಿ ಏಣಿ ಹತ್ತಿ ಬಂದು ಗೋಣಿ ಬಿಚ್ಚಿದಳು, ತಿರುಪುಗಳನ್ನು ಒಂದೊಂದಾಗಿ ತೆಗೆದು ಸ್ಪೀಕರನ್ನು ಕಿತ್ತಳು. ಸಾರಿ ಕಣೋ ಎಂದು ಮೆಲ್ಲಗೆ ಅಂದಳು. ಅಂದು ಹೆದರಿದಷ್ಟು ನಾನು ಆನೆಗೂ ಹೆದರಿರಲಿಲ್ಲ. ಹೆದರುಪುಕ್ಕಲನಿಗೆ ಕೂಗಿಕೊಳ್ಳುವುದೊಂದೇ ಆಸರೆ, ಅದೂ ಹೋಯಿತು.

ಆದರೆ ದೀಪ ಕೆಲಸ ಮಾಡಿತು. ಸಲಗ ಬಂದಾಗ ನಾನು ಒಳಗೊಳಗೇ ಬೆಚ್ಚುತ್ತಿದ್ದೆ, ಮನೆಗಳಲ್ಲಿ ಗೋಡೆ ಕೆಂಪಾಗುತ್ತಿತ್ತು, ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಅವನು ಬಾಳೆ ತಿಂದು, ಸಿಕ್ಕಿದ ಕಡೆ ಲದ್ದಿ ಹಾಕಿ, ಬಂದ ದಾರಿಯಲ್ಲೇ ಹೋಗುತ್ತಿದ್ದ. ಒಬ್ಬರ ಮೈಗೂ ಗಾಯವಾಗಲಿಲ್ಲ. ಜಡೇಸ್ವಾಮಿ ಮನೆಮನೆಗೆ ಹೋಗಿ, ದೀಪ ಕೆಂಪಾದಾಗ ಹೊರಗೆ ಕಾಲಿಟ್ಟವರ ಕಾಲು ನಾನೇ ಮುರಿಯುತ್ತೇನೆ ಎಂದು ಹೆದರಿಸಿ ಬಂದ. ಮೇದಿನಿ ಬೆಂಗಳೂರಿಗೆ ಹೋದಳು. ಹೋಗುವಾಗ ದುಂಡಮ್ಮ ಅವಳ ಚೀಲಕ್ಕೆ ಅರಿಶಿನದ ಕೊಂಬು ತುಂಬಿ ಕಳಿಸಿದಳು.

ಆಮೇಲೆ ಒಂದು ಮುಸ್ಸಂಜೆ ಬಂದ ಸಲಗ ಬಾಳೆಯ ಕಡೆ ಹೋಗಲಿಲ್ಲ. ನನ್ನ ಕಂಬದ ಹತ್ತಿರ ಬಂದ. ಮೈ ತುರಿಸಿತೋ ಏನೋ, ಕಂಬಕ್ಕೆ ಬೆನ್ನು ಉಜ್ಜತೊಡಗಿದ. ನಾನು ಬುಡದಿಂದ ತುದಿಯವರೆಗೆ ಅದುರಿದೆ. ದೀಪಗಳೆಲ್ಲ ಕೆಂಪಾಗಿದ್ದವು, ಊರು ಉಸಿರು ಬಿಗಿಹಿಡಿದಿತ್ತು. ಉಜ್ಜಿದ, ಮತ್ತೆ ಉಜ್ಜಿದ, ಆಮೇಲೆ ಹಣೆ ಕೊಟ್ಟು ನೂಕಿದ. ಸಿಮೆಂಟು ಬಿರುಕು ಬಿಟ್ಟಿತು. ನಾನು ವಾಲಿದೆ. ಬಾಯಿಲ್ಲದಿದ್ದರೇನು, ಮುರಿಯುವ ಕಬ್ಬಿಣವೇ ಕಿರುಚಿತು. ಆ ಕಿರುಚು ಇಡೀ ದೊಡ್ಡಿಗೆ ಕೇಳಿಸಿತು.

ಬಿದ್ದವನು ಬಾಳೆಯ ಬುಡದಲ್ಲಿ ಅಂಗಾತವಾದೆ. ಕಣ್ಣು ಸೀಳಿತ್ತು, ಆದರೂ ಕಾಣುತ್ತಿತ್ತು. ಅವನ ಕಾಲು ನನ್ನ ಪಕ್ಕದಲ್ಲಿತ್ತು. ಆಚೆ ದುಂಡಮ್ಮನ ಬಾಗಿಲು ತೆರೆಯಿತು.

ಅವಳ ಹಿಂದೆ ಗೋಡೆ ಕೆಂಪಗೆ ಉರಿಯುತ್ತಿತ್ತು. ಕೈಯಲ್ಲಿ ತಟ್ಟೆ. ಒಂದು ಕಾಲನ್ನು ಹೊಸ್ತಿಲಿನಿಂದ ಈಚೆ ಇಟ್ಟೇಬಿಟ್ಟಿದ್ದಳು. ಬರಬೇಡ ತಾಯಿ ಎಂದು ಹೇಳಲು ನನಗೆ ದನಿಯಿರಲಿಲ್ಲ. ಇದ್ದು ಹೇಳಿದ್ದರೂ ಅದು ಕೂಗೇ ಆಗುತ್ತಿತ್ತು, ಅವಳು ಬಂದೇ ಬಿಡುತ್ತಿದ್ದಳು. ಆ ಕಾಲನ್ನೇ ನೋಡುತ್ತ ಬಿದ್ದಿದ್ದೆ. ನನ್ನ ಪಕ್ಕದಲ್ಲಿದ್ದ ಆನೆಯ ಕಾಲು ನನಗೆ ಮರೆತೇ ಹೋಗಿತ್ತು.

ಅವಳು ನಿಂತಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿಸಿತು. ಉಳಿದ ಯಾವ ಬಾಗಿಲೂ ತೆರೆಯಲಿಲ್ಲ. ನಾನು ಒಬ್ಬನೇ ಉಳಿದೆ. ನನ್ನ ಜೀವಮಾನದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ಸಲಗ ನನ್ನ ಸೋಲಾರ್ ಹಲಗೆಯನ್ನು ಒಂದು ಸಲ ಮೂಸಿ, ತುಳಿದು, ಕಾಡಿಗೆ ಹೋದ.

ಬೆಳಗ್ಗೆ ದುಂಡಮ್ಮ ಬಂದು ನನ್ನ ಪಕ್ಕದಲ್ಲಿ ಕೂತಳು. ಸೆರಗಿನಿಂದ ನನ್ನ ಮೇಲಿನ ಮಣ್ಣು ಒರೆಸಿದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

“ಬರ್ನಿಲ್ಲ ಕನಪ್ಪ ನಾನು” ಎಂದಳು. “ನೀ ಬೀಳೋದ್ನ ನೋಡ್ಕಂಡೂ ನಾ ಚಿಲ್ಕ ಹಾಕಂಡಿ. ಹುಟ್ದಾಗಿಂದ್ಲೂ ಒಂದ್ ಸಲನಾದ್ರೂ ಹಂಗ ಮಾಡಿಲ್ಲ.” ಅಷ್ಟು ಹೇಳಿ ಅತ್ತಳು. ಅಂದು ಅವಳು ಕೆಲಸಕ್ಕೂ ಹೋಗಲಿಲ್ಲ.

ನನಗೆ ತಿಳಿದಂತೆ ಬೆಂಗಳೂರಿನಲ್ಲಿ ಆ ಸಂಜೆಯನ್ನು ಗೆಲುವು ಎಂದು ಕೊಂಡಾಡಿದರು. ಗೆಲುವೇ. ಅವಳು ಬದುಕಿದ್ದಳಲ್ಲ, ಅದಕ್ಕಿಂತ ಬೇರೆ ಗೆಲುವು ನನಗೂ ಬೇಕಿರಲಿಲ್ಲ. ಆದರೆ ಅವಳ ಅಳು ನನ್ನೊಳಗೆ ಇಳಿದು ಇನ್ನೊಂದು ಹೆದರಿಕೆಯಾಯಿತು. ಕೂಗು ಕೇಳಿಯೂ ಒಳಗೆ ಕೂರುವುದನ್ನು ನಾವು ಈ ಊರಿಗೆ ಕಲಿಸಿದೆವು. ಇವರು ಅದನ್ನು ಚೆನ್ನಾಗಿಯೇ ಕಲಿತುಬಿಟ್ಟರೆ?

ಇಲಾಖೆಯವರು ಹೊಸ ಕಂಬ ನೆಟ್ಟು ಹೊಸ ಪೆಟ್ಟಿಗೆ ಬಿಗಿದರು. ನನ್ನನ್ನು ಗುಜರಿಗೆ ಹಾಕುವುದೆಂದಾಗ ದುಂಡಮ್ಮ ನಮ್ಮ ಮನೆಯ ಮೂಲೆಯಲ್ಲಿ ಬಿದ್ದಿರಲಿ ಬುಡು ಎಂದು ಜಡೇಸ್ವಾಮಿಯನ್ನು ಕೇಳಿದಳು. ಅವನು ಗೊಣಗುತ್ತಲೇ ಹೊತ್ತು ತಂದಿಟ್ಟ. ಈಗ ನಾನಿರುವುದು ಅವಳ ಮನೆಯ ಮೂಲೆಯಲ್ಲಿ, ರಾಗಿ ಗುಡಾಣದ ಪಕ್ಕ. ಮೇಕೆಮರಿಯೊಂದು ನನ್ನ ಮೇಲೆ ಹತ್ತಿ ನಿಲ್ಲುತ್ತದೆ. ಕಣ್ಣು ಮಂಜು, ಕಿವಿ ಸುಮಾರು. ಗೋಡೆಯ ದೀಪ ನನ್ನ ಎದುರಿಗೇ ಇದೆ. ಅದು ಕೆಂಪಾದಾಗಲೆಲ್ಲ, ಈಗ ನನ್ನ ಕೆಲಸವಲ್ಲದಿದ್ದರೂ, ನಾನು ನಡುಗುತ್ತೇನೆ.

ಮೊನ್ನೆ ಸಂಜೆ ದೀಪ ಕೆಂಪಾಯಿತು. ದುಂಡಮ್ಮ ಚಿಲಕ ಹಾಕಿ ಮುದ್ದೆ ತಿರುವಲು ಕೂತಳು. ಆಗ ಹೊರಗೆ ಕೂಗು ಕೇಳಿಸಿತು. ಕಬ್ಬಿಣದ ಸದ್ದಲ್ಲ, ಸೈರನ್ನಲ್ಲ, ಮನುಷ್ಯನ ಕೂಗು. ಕಂದಕದ ಕಡೆಯಿಂದ, ಓ ಎಂದು. ಸ್ವಲ್ಪ ತಡೆದು ಇನ್ನೊಮ್ಮೆ, ಮೊದಲಿಗಿಂತ ಸಣ್ಣದಾಗಿ.

ಅವಳ ಕೈ ಮುದ್ದೆಕೋಲಿನ ಮೇಲೆ ನಿಂತಿತು. ಕೆಂಪು ದೀಪ ನೋಡಿದಳು. ಬಾಗಿಲು ನೋಡಿದಳು. ಅವಳು ಎದ್ದುಹೋಗುತ್ತಾಳೆ ಎಂದು ನನ್ನ ಜೀವ ಬಾಯಿಗೆ ಬಂತು. ಎದ್ದುಹೋಗದೆ ಇದ್ದುಬಿಡುತ್ತಾಳೆ ಎಂದು ಅದಕ್ಕಿಂತ ಹೆಚ್ಚು ಹೆದರಿದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಊರಿನಲ್ಲಿ ಒಂದು ಬಾಗಿಲೂ ಸದ್ದು ಮಾಡಲಿಲ್ಲ. ಕೊನೆ ಮನೆಯವರು ಮೊದಲು ಹೊರಡಬೇಕಲ್ಲವೇ?

ದುಂಡಮ್ಮ ಎದ್ದಳು. ತಟ್ಟೆ ತೆಗೆದುಕೊಂಡಳು, ಸೌಟು ತೆಗೆದುಕೊಂಡಳು, ಚಿಲಕ ಎಳೆದು ಹೊರಗೆ ಹೋದಳು. ಮೂಲೆಯಿಂದ ನನಗೆ ಏನೂ ಕಾಣಲಿಲ್ಲ. ತಟ್ಟೆಯ ಸದ್ದು ಮಾತ್ರ ದೂರವಾಗುತ್ತ ಹೋಯಿತು, ಒಂದೇ ಒಂದು ತಟ್ಟೆ. ಆಮೇಲೆ ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ಇನ್ನೊಂದು. ತಮಟೆ ಕೇಳಿಸಿತು. ಡಬ್ಬ ಕೇಳಿಸಿತು. ಊರಿಗೆ ಊರೇ ಓಗೊಡುತ್ತಿತ್ತು.

ಬಹಳ ಹೊತ್ತಾದ ಮೇಲೆ ಅವರು ಒಬ್ಬನನ್ನು ಎತ್ತಿಕೊಂಡು ಒಳಗೆ ಬಂದರು. ಜಡೇಸ್ವಾಮಿ. ಗಸ್ತಿನಿಂದ ಹಿಂದಿರುಗುವಾಗ ಕಂದಕಕ್ಕೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ಅದೇ ಕಂದಕದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಸಲಗ ನಿಂತಿದ್ದನಂತೆ. ಸದ್ದು ಹತ್ತಿರವಾದಾಗ ಕಿವಿ ಬೀಸಿ ಆಚೆಗೆ ಹತ್ತಿಹೋದನಂತೆ. ಜಡೇಸ್ವಾಮಿಯನ್ನು ನನಗೆ ಒರಗಿಸಿ ಕೂರಿಸಿದರು. ಅವನ ಮೈ ಗಡಗಡ ನಡುಗುತ್ತಿತ್ತು. ಆ ನಡುಕ ನನಗೆ ಚೆನ್ನಾಗಿ ಗೊತ್ತು. ಆ ನಡುಕದಲ್ಲೂ ಅವನು ದುಂಡಮ್ಮನ ಮೇಲೆ ರೇಗಿದ.

“ದೀಪ ಕೆಂಪಾಗಿದ್ದದ್ದು ಕಾಣ್ನಿಲ್ವ ದುಂಡವ್ವ ನಿಂಗ?”

“ಕಾಣ್ತು” ಎಂದಳು ಅವಳು. “ನೋಡ್ಕಂಡೇ ಬಂದೊ.”

ದುಂಡಮ್ಮ ಒಲೆಯ ಮುಂದೆ ಕೂತು, ನಿಂತುಹೋಗಿದ್ದ ಮುದ್ದೆಯನ್ನು ತಿರುವತೊಡಗಿದಳು. ಗೋಡೆಯ ದೀಪ ಇನ್ನೂ ಕೆಂಪಗೇ ಇತ್ತು.